ಇಡ್ಲಿ ಇದ್ದಲ್ಲಿ ಆನೆ

ಡೊಂಬಿವಲಿ ಎಂಐಡಿಸಿ
೬ ಅಕ್ಟೋಬರ್ ೨೦೧೨, ಶನಿವಾರ

ಪ್ರೀತಿಯ, ಆದರೆ ಈ ವಾರದ ಮಟ್ಟಿಗೆ ಸ್ವಲ್ಪ ಕಡಿಮೆ ಪ್ರೀತಿಯ ನೀಲಗಂಗಾ,

ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀ, ಹೇಳಬೇಕಾದದ್ದೆಲ್ಲ ನನಗೆ ಮರೆತುಹೋಗುತ್ತದೆ. ಅದಕ್ಕೇ ಪತ್ರ. ಕೊನೆಯವರೆಗೆ ಸುಮ್ಮನೆ ಓದು.

ದೀಪಾವಳಿಯೊಳಗೆ ನಮ್ಮ ಕನ್ನಡ ಕಂಪ್ಯೂಟರ್ ಪಾಠಗಳ ವೆಬ್‌ಸೈಟ್ ಮುಚ್ಚಿಬಿಡೋಣ ಎಂದು ಹೋದ ವಾರ ಅಪ್ಪಣೆ ಕೊಟ್ಟೆಯಲ್ಲ, ನಾನು ಒಪ್ಪುವುದಿಲ್ಲ. ಯಾಕೆ ಎನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಿನ್ನ ವಾದ ನನಗೆ ಬಾಯಿಪಾಠವಾಗಿದೆ. "ಯಾರು ಓದ್ತಾರ ಹೇಳವಾ ಇದನ್ನ? ನಮ್ಮ ಮನಿ ಮಕ್ಕಳೇ ಓದಂಗಿಲ್ಲ!" ನಿನ್ನ ಶಿವಾನಿ ಪಾಠ ನೋಡಿ "ಮಮ್ಮಿ, ಇಂಗ್ಲಿಷ್ ಮೇ ಸಬ್ ಹೈ ನಾ, ಯೇ ಕೌನ್ ಪಢೇಗಾ?" ಎಂದು ನಕ್ಕ ದಿನವೇ ನಿನ್ನ ಕೈ ನಿಂತುಹೋಯಿತು. ನನಗೆ ಗೊತ್ತಿಲ್ಲವೇ? ನನ್ನ ಸಮಿತ್ ಏನು ಕಡಿಮೆಯೇ? ಕನ್ನಡದಲ್ಲಿ ಬೈದರೆ ಮರಾಠಿಯಲ್ಲಿ ಕ್ಷಮೆ ಕೇಳುತ್ತಾನೆ.

ಆದರೆ ಶುರು ಮಾಡಿದವಳು ನೀನೇ. ಇಲ್ಲಿಯ ಕ್ಲಾಸಿನಲ್ಲಿ ಇಬ್ಬರೂ ಕಂಪ್ಯೂಟರ್ ಕಲಿಸುತ್ತಿದ್ದಾಗ, ಪರದೆಯ ಮೇಲೆ ಕಿಟಕಿ, ಗುಂಡಿ, ಪಟ್ಟಿ ಮಾಡುವುದನ್ನು ನಮ್ಮ ಭಾಷೆಯಲ್ಲೇ ಯಾಕೆ ಹೇಳಿಕೊಡಬಾರದು ಎಂದು ಕುಣಿದವಳು ನೀನು. ಪಾಠ ನಿನ್ನದು, ಪಾಠದ ಉದಾಹರಣೆ ಪ್ರೋಗ್ರಾಮುಗಳು ನನ್ನವು ಎಂದಾಯಿತು. ಹತ್ತು ಪಾಠ ಬರೆದು ನೀನು ಸೀವುಡ್ಸ್‌ಗೆ ಮನೆ ಬದಲಾಯಿಸಿದೆ, ಶಿವಾನಿ ನಕ್ಕಳು, ಪಾಠ ಅಲ್ಲಿಗೇ ನಿಂತಿತು. ಉದಾಹರಣೆಗಳನ್ನು ಮಾತ್ರ ನಾನು ಬಿಡಲಿಲ್ಲ. ಪ್ರೋಗ್ರಾಮಿಂಗ್ ಭಾಷೆಯ ಹೊಸ ಆವೃತ್ತಿ ಬಂದು ಒಂದೂ ಓಡದೆ ಮುಷ್ಕರ ಹೂಡಿದಾಗ ಒಂದೊಂದನ್ನೇ ಕೂರಿಸಿ ಸರಿಮಾಡಿದೆ. ಗುಂಡಿಯ ಮೇಲೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾದಾಗ ಹೆಕ್ಕಿ ಜೋಡಿಸಿದೆ. ಯಾರಿಗಾಗಿ ಎಂದು ನಾನು ಕೇಳಿಕೊಂಡವಳೇ ಅಲ್ಲ. ಗುಂಡಿ ಒತ್ತಿದಾಗ ಅದು ಹೇಳಿದ ಹಾಗೆ ಕೇಳುತ್ತದಲ್ಲ, ಈ ಮನೆಯಲ್ಲಿ ಹಾಗೆ ಕೇಳುವುದು ಅದೊಂದೇ.

ಈಗ ಆನೆಯ ವಿಷಯಕ್ಕೆ ಬರುತ್ತೇನೆ. ಐದನೇ ಪಾಠದ ಉದಾಹರಣೆಯಲ್ಲಿ ನಾನು ಹೋಟೆಲಿನ ತಿಂಡಿಗಳನ್ನು ಇಟ್ಟಿದ್ದೆ. ಇಡ್ಲಿ, ವಡೆ, ಮಸಾಲೆದೋಸೆ, ಬನ್ಸ್ ಎಂದು ಗುಂಡಿಗಳು. ಒತ್ತಿದರೆ ಪಕ್ಕದ ಪಟ್ಟಿಗೆ ಸೇರುತ್ತವೆ. "ಉಡುಪಿಯವರು ನಿಮಗ ತಿನ್ನೋದು ಬಿಟ್ಟು ಬ್ಯಾರೆ ಏನೂ ಕಾಣಂಗಿಲ್ಲೇನು? ಮಕ್ಕಳಿಗೆ ಪ್ರಾಣಿ ಇಡು" ಎಂದು ನೀನು ಹಂಗಿಸಿದೆ. ಹೋಗಲಿ, ಹೀಗಾದರೂ ನಿನ್ನ ಮನಸ್ಸು ತಿರುಗಲಿ ಎಂದು ಬುಧವಾರ ಕೂತು ಇಡ್ಲಿಯನ್ನು ಆನೆ ಮಾಡಿದೆ, ವಡೆಯನ್ನು ಕುದುರೆ, ಮಸಾಲೆದೋಸೆಯನ್ನು ಒಂಟೆ.

ಗುರುವಾರ ಬೆಳಿಗ್ಗೆ ಸಮಿತ್‌ಗೆ ಡಬ್ಬಿ ಕಟ್ಟುತ್ತಿದ್ದೆ, ಫೋನ್ ಬಂತು. ಗುರುತಿಲ್ಲದ ಹೆಂಗಸು, ಏದುಸಿರು ಬಿಡುತ್ತಾ ಹೇಳಿದರು: "ಮೇಡಂ, ನಿಮ್ಮ ನಂಬರು ಪಾಠದ ಕೆಳಗೆ ಇತ್ತು. ಇಲ್ಲಿ ಇಡ್ಲಿ ಇದ್ದಲ್ಲಿ ಆನೆ ಬಂದಿದೆ. ಬೆಳಗ್ಗಿನ ರಶ್ಶು, ಎಂತಾದರೂ ಮಾಡಿ!"

ಅವರು ಹರಿಣಾಕ್ಷಿ. ಐರೋಲಿಯ ಐಟಿ ಪಾರ್ಕಿನ ಎದುರು ಅವರದ್ದು, ಅವರ ಗಂಡ ಕುಶಲ ಶೆಟ್ಟರದ್ದು ಹೋಟೆಲ್. ನಮ್ಮ ಐದನೇ ಪಾಠದ ಉದಾಹರಣೆ ಅವರು ಹಣ ಎಣಿಸುವ ಗಲ್ಲೆಯ ಕಂಪ್ಯೂಟರಿನಲ್ಲಿ ಓಡುತ್ತಿದೆ ಮಾರಾಯ್ತಿ! ಇಲ್ಲಿ ಗುಂಡಿ ಒತ್ತಿದರೆ ಒಳಗೆ ಅಡುಗೆಮನೆಯ ಪರದೆಯಲ್ಲಿ ಆರ್ಡರ್ ಕಾಣುತ್ತದೆ. ಅಡುಗೆಯ ಅಪ್ಪಿಯಣ್ಣನಿಗೆ ಕನ್ನಡ ಬಿಟ್ಟರೆ ಬೇರೆ ಅಕ್ಷರ ಬಾರದು, ಅದಕ್ಕೇ ನಮ್ಮ ಪಾಠ. ಆವತ್ತು ಅವರು ಸೌಟು ಹಿಡಿದುಕೊಂಡೇ ಹೊರಗೆ ಬಂದು, "ಮೂರನೇ ಟೇಬಲ್ಲಿಗೆ ಒಂಟೆ ಅಂತ ಬಂದಿದೆ ಅಕ್ಕಾ, ಸಾದಾವೋ ಮಸಾಲೆಯೋ?" ಎಂದು ಕೇಳಿದರಂತೆ.

ಹಳೆಯ ಉದಾಹರಣೆಯನ್ನು ಕೂಡಲೇ ವಾಪಸು ಹಾಕಿದೆ. ಮಧ್ಯಾಹ್ನ ತಡೆಯಲಾಗಲಿಲ್ಲ, ಥಾಣೆಯಲ್ಲಿ ಲೋಕಲ್ ರೈಲು ಬದಲಾಯಿಸಿ ಐರೋಲಿಗೆ ಹೋಗಿಯೇಬಿಟ್ಟೆ. ನಾನು ಹೋಗುವಾಗಲೂ ವೇಟರುಗಳು "ದೋ ಹಾಥಿ, ಏಕ್ ಘೋಡಾ!" ಎಂದೇ ಕೂಗುತ್ತಿದ್ದರು, ಅವರಿಗೆ ಮಜಾ ಬಂದುಬಿಟ್ಟಿತ್ತು. ಕೊರಳಿಗೆ ಕಂಪನಿಯ ಪಟ್ಟಿ ಹಾಕಿಕೊಂಡ ಒಬ್ಬ, ಹಾಥಿ ಹೊಸ ಡಿಶ್ಶೇ, ಈರುಳ್ಳಿ ಬೆಳ್ಳುಳ್ಳಿ ಹಾಕದ ಜೈನ್‌ನಲ್ಲಿ ಸಿಗುತ್ತದೆಯೇ ಎಂದು ವಿಚಾರಿಸುತ್ತಿದ್ದ. ನಕ್ಕು ನಕ್ಕು ನನ್ನ ಹೊಟ್ಟೆ ಹುಣ್ಣಾಯಿತು.

ಆಮೇಲೆ ನನಗೊಂದು ಅನುಮಾನ ಬಂತು. ನಾನು ಮನೆಯಲ್ಲಿ ಕೂತು ಬದಲಾಯಿಸಿದ್ದು ಮರುದಿನವೇ ಇವರ ಗಲ್ಲೆಗೆ ಬಂದದ್ದು ಹೇಗೆ? ಕೇಳಿದೆ. ಹರಿಣಾಕ್ಷಿ ದಿನಾ ಬೆಳಿಗ್ಗೆ ಹೋಟೆಲ್ ತೆರೆದು, ದೀಪ ಹಚ್ಚಿ, ನಮ್ಮ ವೆಬ್‌ಸೈಟಿನಿಂದ ಪ್ರೋಗ್ರಾಮನ್ನು ಹೊಸದಾಗಿ ಇಳಿಸಿಕೊಳ್ಳುತ್ತಾರಂತೆ. ಹಿಂದಿನ ದಿನದ್ದನ್ನು ಅಳಿಸಿಬಿಡುತ್ತಾರಂತೆ! ಒಂದು ಪ್ರತಿ ಇಟ್ಟುಕೊಂಡರೆ ಸಾಕಲ್ಲ ಎಂದೆ. ಅವರ ಮುಖ ನೋಡಬೇಕಿತ್ತು ನೀನು. "ನಿನ್ನೆಯದ್ದನ್ನಾ? ಚಟ್ನಿ, ಸಾಂಬಾರ್ ಯಾವುದೂ ನಮ್ಮಲ್ಲಿ ನಿನ್ನೆಯದ್ದು ಇಡುವ ಕ್ರಮ ಇಲ್ಲ ಮೇಡಂ. ಮಾವನ ಕಾಲದಿಂದಲೂ ಇಲ್ಲ." ನೀನು ಸೈಟ್ ಮುಚ್ಚಿದ ಮರುದಿನ ಬೆಳಿಗ್ಗೆ ಅವರ ಗಲ್ಲೆಯ ಮೇಲೆ ಏನಿರುತ್ತದೆ ಎಂದು ಯೋಚಿಸಿ ನೋಡು.

ಆದರೆ ನಾನು ಹೇಳಬೇಕೆಂದು ಹೊರಟದ್ದು ಇದೂ ಅಲ್ಲ. ಪಾಠ ಬರೆದವಳು ನಾನೇ ಎಂದುಕೊಂಡು ಅವರು ಎದ್ದು ನಿಂತಿದ್ದರು. ಅಲ್ಲ, ಅದು ನನ್ನ ಗೆಳತಿ ನೀಲಗಂಗಾ ಎಂದೆ. ಅವರು ಸೆರಗಿಗೆ ಕೈ ಒರೆಸಿಕೊಂಡು ನಿನ್ನ ಮೂರನೇ ಪಾಠವನ್ನು ಹೇಳಲು ಶುರು ಮಾಡಿದರು. "ಗುಂಡಿಗೆ ತಾನಾಗಿ ಏನೂ ತಿಳಿದಿರುವುದಿಲ್ಲ. ಒತ್ತಿದರೆ ಏನು ಮಾಡಬೇಕೆಂದು ನಾವು ಸಮಾಧಾನದಿಂದ ಹೇಳಿಕೊಡಬೇಕು." ಹೊಸ ವೇಟರನ ಮೇಲೆ ಕುಶಲ ಶೆಟ್ಟರು ರೇಗಿದಾಗ ಹರಿಣಾಕ್ಷಿ ಗಂಡನಿಗೆ ಇದನ್ನೇ ಹೇಳುತ್ತಾರಂತೆ. ನನಗೆ ಅಳುವೇ ಬಂತು. ನಾನೇ ಮರೆತ ಸಾಲು ಅದು, ಗಂಗಾ.

ಅವರು ಕೇಳಿದ್ದು ಒಂದೇ ಪ್ರಶ್ನೆ. ಹತ್ತನೇ ಪಾಠದ ಕೊನೆಗೆ ನೀನು ಬರೆದಿದ್ದೀ: "ಕಿಟಕಿ ಮುಚ್ಚಿದರೆ ಪಟ್ಟಿಯಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಅದನ್ನು ಉಳಿಸಿಕೊಳ್ಳುವುದು ಹೇಗೆಂದು ಮುಂದಿನ ಪಾಠದಲ್ಲಿ ನೋಡೋಣ." ಕರೆಂಟು ಹೋದಾಗಲೆಲ್ಲ ಅವರ ಆರ್ಡರುಗಳು ಮಾಯ, ಮತ್ತೆ ಟೇಬಲ್ ಟೇಬಲಿಗೆ ಹೋಗಿ ಕೇಳಬೇಕು. ಆದರೂ ಅವರು ಬೇರೆ ಪ್ರೋಗ್ರಾಮ್ ಹುಡುಕಿಲ್ಲ. ಪ್ರೋಗ್ರಾಮ್ ಇಳಿಸಿಕೊಳ್ಳುವಾಗ ಹನ್ನೊಂದನೇ ಪಾಠ ಬಂದಿದೆಯೇ ಎಂದು ನೋಡುತ್ತಾರಂತೆ, ದಿನಾ, ಎರಡು ವರ್ಷದಿಂದ. ಒಮ್ಮೆ ಫೋನ್ ಮಾಡಿ ಕೇಳಬಾರದಿತ್ತೇ ಎಂದರೆ, "ಬರೆಯುವವರಿಗೆ ಅವಸರ ಮಾಡಬಾರದಲ್ಲ. ನೋಡೋಣ ಅಂದಿದ್ದಾರೆ, ಬಂದೇ ಬರುತ್ತದೆ" ಎಂದರು.

ಆ ಪಾಠವನ್ನು ನಾನೇ ಬರೆಯಬಹುದು ಎನ್ನಬೇಡ. ಪ್ರೋಗ್ರಾಮಾದರೆ ಆಗಲೇ ಬರೆದಿಟ್ಟಿದ್ದೇನೆ, ಚೆನ್ನಾಗಿ ಓಡುತ್ತಿದೆ. ಆದರೆ ನನ್ನ ಕನ್ನಡ ನಮ್ಮ ಹೌಸಿಂಗ್ ಸೊಸೈಟಿಯ 'ನಾಳೆ ನೀರಿಲ್ಲ' ನೋಟೀಸಿನ ಹಾಗೆ. ಓದಿದವರು ಬಕೆಟ್ ತುಂಬಿಸಿಡಲು ಓಡುತ್ತಾರೆ.

ಯಾರು ಓದುತ್ತಾರೆ ಎಂದು ಕೇಳಿದ್ದೆಯಲ್ಲ, ಹೇಳಿದ್ದೇನೆ. ಇನ್ನು ನೀನುಂಟು, ನಿನ್ನ ಪೆನ್ನುಂಟು.

ಮುಚ್ಚಲು ಬಿಡದ,
ನಿನ್ನ ಜಯಲತಾ

ತಾ.ಕ.: ಪತ್ರ ಕೊಟ್ಟವರನ್ನು ಕೊರಿಯರಿನವರೆಂದುಕೊಂಡು ಬಾಗಿಲಲ್ಲೇ ನಿಲ್ಲಿಸಿರುತ್ತೀ, ನನಗೆ ಗೊತ್ತು. ನೀನು ಇದನ್ನು ಓದುವ ಹೊತ್ತಿಗೆ ಭಾನುವಾರ, ಐಟಿ ಪಾರ್ಕಿಗೆ ರಜೆ, ಹೋಟೆಲಿನಲ್ಲಿ ಜನ ಕಡಿಮೆ. ಅದಕ್ಕೇ ಐರೋಲಿಯಿಂದ ಹೊರಟು ಬಂದಿದ್ದಾರೆ. ನೀನು ಓದಿ ಮುಗಿಸುವವರೆಗೆ ಒಂದು ಮಾತೂ ಆಡಬೇಡಿ ಎಂದು ನಾನೇ ಹೇಳಿದ್ದೆ, ಪಾಪ, ಸುಮ್ಮನೆ ನಿಂತಿದ್ದಾರೆ. ಈಗ ತಲೆ ಎತ್ತು. ಅವರೇ ಹರಿಣಾಕ್ಷಿ. ಒಳಗೆ ಕರೆ.