ಟ್ರೌಟ್ ದವಡೆಯಲ್ಲಿ ಸಿಕ್ಕ ಹಳದಿ ಗಾಳ

ಮೇ 9, ಬೆಳಿಗ್ಗೆ 8

ಶೂನ್ಯಕ್ಕಿಂತ ನಾಲ್ಕು ಡಿಗ್ರಿ ಕೆಳಗೆ. ಆಂಡಿಸ್ ಬೆಟ್ಟಗಳ ಕಡೆಯ ಗಾಳಿ; ಇಲ್ಲಿ ಮೇ ಎಂದರೆ ಚಳಿಗಾಲದ ಬಾಗಿಲು. ಗಾಳದ ಕೋಲಿನಲ್ಲಿ ದಾರ ಹಾಯುವ ಉಂಗುರಗಳಲ್ಲಿ ಮಂಜುಗಡ್ಡೆ, ಬಾಯಲ್ಲಿಟ್ಟು ಕರಗಿಸಿದೆ. ಒಂದು ಕಂದು ಟ್ರೌಟ್ ಮೀನು ಸಿಕ್ಕಿತು. ಬಿಡುವ ಮುನ್ನ ನೋಡಿದರೆ ದವಡೆ ಹರಿದಿದೆ. ಅದರಲ್ಲಿ ಇನ್ನೊಂದು ಗಾಳ, ಹುಳುವಿನಂತೆ ಕಾಣಲೆಂದು ಹಳದಿ ಉಣ್ಣೆ ಸುತ್ತಿದ್ದು. ಮಾಂಸಕ್ಕೆ ಕಚ್ಚಿಕೊಳ್ಳುವ ಹಿಂಮುಳ್ಳು ಹಾಗೇ ಇದೆ! ಹಿಡಿದ ಮೀನನ್ನು ಬಿಡಲೇಬೇಕಾದ ಹೊಳೆ ಇದು. ಗಾಳವನ್ನು ದಾರಕ್ಕೆ ಕಟ್ಟಿಕೊಳ್ಳುವವನು ಇಕ್ಕಳದಿಂದ ಮುಳ್ಳು ಒತ್ತಿ ಚಪ್ಪಟೆ ಮಾಡಿಯೇ ನೀರಿಗಿಳಿಯಬೇಕು.

ಹಳದಿ ಉಣ್ಣೆ ಸುತ್ತುವವನು ಊರಿಗೆಲ್ಲ ಒಬ್ಬನೇ — ಬೆಲಿಸಾರಿಯೋ. ಮೀನು ಹಿಡಿಯಲು ಇಪ್ಪತ್ತು ವರ್ಷದ ಜೊತೆಗಾರ.

ಮೇ 10

ಅವನ ಮನೆಗೆ ಹೋದೆ. ಯೆರ್ಬಾ ಕಷಾಯ ಕೊಟ್ಟ.

“ಮೀನಿಗೆ ಹೋಗಿದ್ಯಾ?” ಎಂದು ಕೇಳಿದೆ.

“ಈ ಮಂಡಿ ಇಟ್ಕೊಂಡಾ? ತಲೆ ಕೆಟ್ಟಿದ್ಯಾ ಮೇಷ್ಟ್ರೇ?”

ಹಿತ್ತಲ ತಂತಿಯಲ್ಲಿ ಅವನು ಹೊಳೆಗಿಳಿಯುವ ರಬ್ಬರ್ ಪ್ಯಾಂಟು. ಒದ್ದೆ ಹೆಪ್ಪುಗಟ್ಟಿ, ಒಳಗೆ ಯಾರೋ ನಿಂತ ಹಾಗೆ ಸೆಟೆದಿತ್ತು. ಸುಳ್ಳ! 1979ರಲ್ಲಿ ಇವನಪ್ಪ ಕದ್ದು ಬಲೆ ಹಾಕಿ ಸಿಕ್ಕಿಬಿದ್ದಿದ್ದ. ಊರು ಮರೆತಿರಬಹುದು. ನಾನು ಮರೆತಿಲ್ಲ.

ಮೇ 11

ಹೊಳೆ ಕಾವಲಿನ ನೆಲಿದಾಗೆ ದೂರು ಬರೆದೆ. ಮೂರು ಪುಟ, ಜೊತೆಗೆ ಗಾಳ. ಅವನ ಮೀನು ಹಿಡಿಯುವ ಪರವಾನಗಿ ರದ್ದಾಗಲೇಬೇಕು. ಸ್ನೇಹ ಬೇರೆ, ಕಾನೂನು ಬೇರೆ.

ಮೇ 16, ಮಧ್ಯಾಹ್ನ

ನೆಲಿದಾ ಬಂದಿದ್ದಳು.

“ಪರವಾನಗಿ ಬೆಲಿಸಾರಿಯೋ ಅವರೇ ವಾಪಸ್ ಕೊಟ್ರು ಮೇಷ್ಟ್ರೇ.”

“ನೋಡಿದ್ಯಾ! ತಪ್ಪು ಒಪ್ಕೊಂಡ.”

“ಒಪ್ಕೊಂಡಿಲ್ಲ. ಈ ವರ್ಷ ಅವರು ಕೋಲೇ ಮುಟ್ಟಿಲ್ಲ. ಮಂಡಿ ಊತಕ್ಕೆ ಅಂತ ಬೆಳಿಗ್ಗೆ ಹೊಳೇಲಿ ಬರಿಗೈಲಿ ನಿಂತಿರ್ತಾರೆ, ಕೊಕ್ಕರೆ ಥರ. ನಾನೇ ನೋಡಿದೀನಿ.”

“ಮತ್ಯಾಕೆ ಕೊಟ್ಟ?”

“‘ಮೇಷ್ಟ್ರೇ ಹೀಗೆ ಬರೆದ್ಮೇಲೆ ಇನ್ಯಾರ ಜೊತೆ ಮೀನಿಗೆ ಹೋಗ್ಲಿ’ ಅಂದ್ರು. ಈ ಗಾಳ ಯಾರಿಗೆ ಕೊಟ್ಟಿದ್ರಿ ಅಂತ ಕೇಳ್ದೆ. ಬಾಯೇ ಬಿಡಲಿಲ್ಲ.”

ಇವಳೂ ಅವನ ಕಡೆಯೇ? ಇವಳ ಚಿಕ್ಕಪ್ಪ ಅವನ ಜೊತೆ ಇಸ್ಪೀಟಾಡುವವನು...

ಸಂಜೆ

ಯಾರಿಗೆ ಕೊಟ್ಟಿದ್ದ? ನನ್ನ ಡಬ್ಬಿ ತೆಗೆದೆ. ಹೊಸ ವರ್ಷಕ್ಕೆ ಅವನು ಕೊಟ್ಟಿದ್ದ ಹಳದಿ ಗಾಳ ಆರು. ಈಗ ಐದು. ಏಪ್ರಿಲ್ ಕೊನೆಯಲ್ಲಿ ಒಂದು ದೊಡ್ಡ ಮೀನು ಗಾಳದ ಸಮೇತ ದಾರ ಹರಿದುಕೊಂಡು ಹೋಗಿತ್ತು. ಅವತ್ತು ಬೆರಳು ಮರಗಟ್ಟಿತ್ತು. ಇಕ್ಕಳ ಜೇಬಿನಿಂದ ತೆಗೆದ ನೆನಪಿಲ್ಲ. ಐದನ್ನೂ ಉಣ್ಣೆ ಟೋಪಿಯ ಮೇಲೆ ಎಳೆದು ನೋಡಿದೆ. ಮುಳ್ಳು ಒತ್ತಿದ್ದರೆ ಜಾರಬೇಕು. ಐದೂ ಕಚ್ಚಿಕೊಂಡವು.

ಮೇ 17

ನೆಲಿದಾಗೆ ಇನ್ನೊಂದು ಪತ್ರ. ಬೆಳಿಗ್ಗೆಯಿಂದ ನಾಲ್ಕು ಹಾಳೆ ಹರಿದೆ. ಮೊದಲ ಸಲ ಮೂರು ಪುಟ ಸರಾಗ ಬಂದಿತ್ತು. ಈಗ ಬೇಕಾಗಿರುವುದು ಒಂದೇ ಸಾಲು. ಇಲ್ಲೇ ಬರೆದು ನೋಡುತ್ತೇನೆ, ಆಮೇಲೆ ನಕಲು ಮಾಡಿದರಾಯಿತು.

ಬೆಲಿಸಾರಿಯೋ ನಿರಪರಾಧಿ. ಆ ಮೀನಿನ ದವಡೆ ಹರಿದವನು...