ನಿಮ್ಮ ಮಾತಿಗೆ ನನ್ನ ಮುಖ ಯಾಕೆ?

ಮಾನ್ಯ ಕುಲಸಚಿವರೇ,

ಪ್ರದರ್ಶನ ಕಲೆಗಳ ವಿಭಾಗವನ್ನು ಮುಚ್ಚುತ್ತಿರುವ ಸಂಗತಿಯನ್ನು ವಿಶ್ವವಿದ್ಯಾಲಯದ ಪರದೆಗಳ ಮೇಲೆಲ್ಲ ಕಣ್ಣು ತುಂಬಿಕೊಂಡು, ಆದರೂ ಮುಗುಳ್ನಕ್ಕು ಹೇಳುತ್ತಿರುವ ಹುಡುಗಿ ನಾನೇ. ವಿಭಾಗ ಮುಚ್ಚುತ್ತದೆಂದು ಆ ಮಾತು ಆಡಿದ ದಿನ ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು. ನಾನು ತರಗತಿಯ ಅಭ್ಯಾಸಕ್ಕೆಂದು ಮಾಡಿಕೊಟ್ಟದ್ದನ್ನು ನೀವು ಸದ್ದಿಲ್ಲದೆ ಎತ್ತಿಕೊಂಡು ಅಧಿಕೃತ ಪ್ರಕಟಣೆ ಮಾಡಿದಿರಿ. ಸಂವಹನ ಶಾಸ್ತ್ರದಲ್ಲಿ ಇದಕ್ಕೊಂದು ಗೌರವದ ಹೆಸರಿರಬಹುದು, ಮುಂದಿನ ಸೆಮಿಸ್ಟರಿನಲ್ಲಿ ಪಾಠ ಬರುತ್ತದೋ ಏನೋ. ನಮ್ಮ ಮನೆಯಲ್ಲಿ ಇದನ್ನು ಮೋಸ ಎನ್ನುತ್ತಾರೆ.

ನಿಮ್ಮ ವೇಗದ ಯೋಜನೆಗೆ ಮೊದಲು ಹೆಸರು ಬರೆಸಿದವಳೂ ನಾನೇ. ನಾಟಕದ ಪದವಿ, ಅದರ ಬೆನ್ನಿಗೇ ಸಂವಹನದ ಸ್ನಾತಕೋತ್ತರ. ಆರು ವರ್ಷದ ಓದು ಐದೇ ವರ್ಷಕ್ಕೆ. ಕೊನೆಯ ವರ್ಷದ ಕೆಲವು ಪಾಠಗಳು ಎರಡೂ ಪದವಿಗೆ ಲೆಕ್ಕಕ್ಕೆ ಬರುತ್ತವೆ ಎಂದು ನೀವೇ ಸಭಾಂಗಣಕ್ಕೆ ಬಂದು ವಿವರಿಸಿದಿರಿ. "ಕಲೆಗೂ ಬದುಕಿಗೂ ಸೇತುವೆ" ಎಂದಿರಿ. ಆಸ್ಪತ್ರೆಯ ವಿಚಾರಣೆ ಕಿಟಕಿಯಲ್ಲಿ ದಿನವಿಡೀ ಕೂತು ಮಾತಾಡುವ ನನ್ನ ಅಮ್ಮನಿಗೆ ಆ ಮಾತು ಬಹಳ ಹಿಡಿಸಿತು. "ನಾಟಕ ಬೇಡ ಅಂತ ನಾನೆಲ್ಲಂದೆ? ಪಕ್ಕದಲ್ಲಿ ಇನ್ನೊಂದಿರಲಿ ಅಂದೆ. ನಾಳೆ ಎಲ್ಲಾದ್ರೂ ಕುರ್ಚಿ ಮೇಲೆ ಕೂತು ಮಾತಾಡೋ ಕೆಲಸ ಸಿಗುತ್ತೆ," ಎಂದಳು. ಕುರ್ಚಿಯ ಮೇಲೆ ಕೂರಿಸಿದಿರಿ, ಸುಳ್ಳಲ್ಲ.

ಅಭ್ಯಾಸದ ವಿಷಯ ನಿಮ್ಮ ಸಂವಹನ ಕಚೇರಿಯಿಂದಲೇ ಬಂದಿತ್ತು. ಒಂದು ಕಾಲ್ಪನಿಕ ಸಂಸ್ಥೆ, ಅದರಲ್ಲೊಂದು ವಿಭಾಗ ಮುಚ್ಚುತ್ತಿದೆ. ಅಲ್ಲಿನ ವಿದ್ಯಾರ್ಥಿನಿಯೊಬ್ಬಳು ಕ್ಯಾಮೆರಾದ ಮುಂದೆ ಕುರ್ಚಿಯಲ್ಲಿ ಕೂತು ಸಹಪಾಠಿಗಳನ್ನು ಉದ್ದೇಶಿಸಿ ಎರಡು ನಿಮಿಷ ಮಾತಾಡಬೇಕು. ಕೇಳಿದವರಿಗೆ ಸಿಟ್ಟು ಬರಬಾರದು. ವಿಭಾಗದ ಹೆಸರು ಹೇಳಬಾರದು, "ನಮ್ಮ ವಿಭಾಗ" ಎಂದರೆ ಸಾಕು. ಆ ಎಚ್ಚರಿಕೆ ಯಾಕೆಂದು ಆಗ ಹೊಳೆಯಲಿಲ್ಲ. ಅಂಕ ಎರಡೂ ಕಡೆಗೆ ಬರುತ್ತದೆಂದು ಕುಣಿದುಬಿಟ್ಟೆ. ಕಾಲ್ಪನಿಕವಾಗಿದ್ದದ್ದು ಅದರಲ್ಲಿ ಏನು ಸ್ವಾಮಿ, ನಿಮ್ಮ ಸಂಕೋಚವೇ?

ಇನ್ನು ಹೇಳುವುದು ನನಗೆ ಕಷ್ಟದ ಮಾತು. ಆ ಎರಡು ನಿಮಿಷವನ್ನು ತಿದ್ದಿಸಿಕೊಳ್ಳಲು ನಾನು ಹೋದದ್ದು ನಮ್ಮ ಉಸಿರು ಮೇಷ್ಟ್ರ ಹತ್ತಿರ. ದನಿಯ ಪಾಠ ಹೇಳುವ ಅವರನ್ನು ನಾವೆಲ್ಲ ಕರೆಯುವುದೇ ಹಾಗೆ. ತಾಲೀಮಿನ ಕೋಣೆಯ ಮರದ ನೆಲದ ಮೇಲೆ ನಮ್ಮನ್ನು ಅಂಗಾತ ಮಲಗಿಸಿ, ಹೊಟ್ಟೆಯ ಮೇಲೊಂದು ಪುಸ್ತಕ ಇಟ್ಟು, "ಪುಸ್ತಕ ಏಳಲಿ, ಭುಜ ಏಳೋದು ಬೇಡ," ಎನ್ನುವ ಮನುಷ್ಯ. ನನ್ನ ಮಾತನ್ನು ಕಣ್ಣು ಮುಚ್ಚಿ ಕೇಳಿದರು.

"ತುಂಬ ಓಡ್ತೀಯಮ್ಮ. 'ನಮಗೂ ನೋವಿದೆ' ಅಂತೀಯಲ್ಲ, ಅಲ್ಲಿ ನಿಲ್ಲು. ಕೇಳೋರಿಗೂ ನೋಯೋಕೆ ಸ್ವಲ್ಪ ಹೊತ್ತು ಕೊಡು. ಆಮೇಲೆ 'ಆದರೆ' ಅನ್ನು."

"ಅಳು ಬಂದ್ರೆ ಸಾರ್?"

"ಬರಲಿ, ಆದ್ರೆ ಬೀಳಬಾರದು. ಕಣ್ಣಲ್ಲೇ ಇಟ್ಕೋ."

ಒಂದು ಸಂಜೆಯಿಡೀ ಅದನ್ನೇ ತಿದ್ದಿದರು. ತಮ್ಮ ಕೆಲಸ ಹೋಗುವ ಸುದ್ದಿಯನ್ನು ಹೇಗೆ ಚೆನ್ನಾಗಿ ಹೇಳಬೇಕೆಂದು, ಗೊತ್ತಿಲ್ಲದೆ, ತಾವೇ ಕಲಿಸಿಕೊಟ್ಟರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ ಮುಗಿಸುವವರು ನೀವೆಂದು ಕೇಳಿದ್ದೆ. ಕೂದಲಿನ ಕೈಯಲ್ಲೇ ತೆಗೆಸುತ್ತೀರೆಂದು ಯಾರೂ ಹೇಳಿರಲಿಲ್ಲ.

ವೀಡಿಯೊವನ್ನು ಮೊದಲು ನೋಡಿದ್ದು ಅಮ್ಮ. ಆಸ್ಪತ್ರೆಯಿಂದಲೇ ಫೋನ್ ಮಾಡಿದಳು. "ಎಷ್ಟು ಚೆನ್ನಾಗಿ ಮಾತಾಡಿದೀಯೇ! ಡಾಕ್ಟರಿಗೂ ತೋರಿಸ್ದೆ. ನಿನ್ನ ದೊಡ್ಡಮ್ಮಂಗೆ, ಚಿಕ್ಕಪ್ಪಂಗೆ, ಎಲ್ಲರಿಗೂ ಕಳಿಸ್ದೆ." ಏನು ಹೇಳಿದ್ದೇನೆಂದು ಅವಳ ಗಮನಕ್ಕೇ ಬಂದಿರಲಿಲ್ಲ, ಹೇಳಿದ ಚಂದಕ್ಕೆ ಮರುಳಾಗಿದ್ದಳು. ತೆರೆದು ನೋಡಿದೆ. ನನ್ನ ಮುಖದ ಕೆಳಗೆ "ಪ್ರದರ್ಶನ ಕಲೆಗಳ ವಿದ್ಯಾರ್ಥಿಗಳ ಪರವಾಗಿ" ಎಂಬ ಸಾಲು. ನನ್ನನ್ನು ಅವರ ಪರವಾಗಿ ನಿಲ್ಲಿಸಿದವರು ಯಾರು?

ತಾಲೀಮಿನ ಕೋಣೆಗೆ ಓಡಿದೆ. ಎಲ್ಲರೂ ನೆಲದ ಮೇಲೆ ಕೂತಿದ್ದರು, ಯಾರೂ ಸರಿದು ಜಾಗ ಕೊಡಲಿಲ್ಲ. ಮೇಷ್ಟ್ರು ಒಬ್ಬರೇ ನನ್ನ ಕಡೆ ನೋಡಿ, "ನಿಲ್ಲೋದು ಸರಿಯಾಗಿ ಬಂದಿದೆಯಮ್ಮ," ಎಂದರು. ಹಂಗಿಸಿದ್ದಲ್ಲ. ಹಂಗಿಸಿದ್ದರೆ ತಡೆದುಕೊಳ್ಳುತ್ತಿದ್ದೆ. ಆಮೇಲೆ ಅವರೇ ಉಳಿದವರಿಗೆ ಹೇಳಿದರು: "ಅದು ತರಗತಿ ಅಭ್ಯಾಸ ಕಣ್ರಪ್ಪ. ಅವಳಿಗೇನೂ ಗೊತ್ತಿರಲಿಲ್ಲ."

ಮೂರು ವರ್ಷ ನನ್ನ ಜೊತೆ ಒಂದೇ ಡಬ್ಬಿಯಲ್ಲಿ ಉಂಡ ಗೆಳತಿ ತಲೆ ಎತ್ತಿದಳು. "ಗೊತ್ತಿಲ್ಲದೋಳ ಹಾಗೆ ಇರೋಕೂ ಅವಳಿಗೆ ಬರುತ್ತೆ ಸಾರ್. ನೀವೇ ಕಲಿಸಿದೀರಲ್ಲ."

ಇನ್ನು ನಾನು ಆಣೆ ಮಾಡಿದರೆ ಅಭಿನಯ, ಅತ್ತರೆ ಒಳ್ಳೆಯ ಅಭಿನಯ, ಸುಮ್ಮನಿದ್ದರೆ ತಪ್ಪೊಪ್ಪಿಗೆ. ಅಂದಿನಿಂದ ಅವಳು ನನ್ನನ್ನು ಕಂಡರೆ ರಸ್ತೆ ದಾಟಿ ಹೋಗುತ್ತಾಳೆ.

ನಿಮ್ಮ ಕಚೇರಿಗೂ ಬಂದಿದ್ದೆ. ನೀವು ಸಭೆಯಲ್ಲಿದ್ದಿರಂತೆ. ಬಾಗಿಲ ಬಳಿಯ ಮೇಜಿನ ಅಧೀಕ್ಷಕರು ಕನ್ನಡಕ ಏರಿಸಿ ಕೇಳಿದರು: "ಅಂಕ ಬಂದಿದೆಯಲ್ಲಮ್ಮ, ಎರಡೂ ಕಡೆ? ಮತ್ತೇನು ತಕರಾರು?" ಬಂದಿದೆ, ಅತ್ಯುತ್ತಮ ಶ್ರೇಣಿಯೇ ಬಂದಿದೆ. ಒಂದೇ ಕೆಲಸ ಎರಡು ಕಡೆ ಲೆಕ್ಕಕ್ಕೆ ಬರುತ್ತದೆಂದು ನೀವು ಹೇಳಿದಾಗ, ಆ ಎರಡನೆಯ ಕಡೆ ನಿಮ್ಮದೆಂದು ನಾನು ತಿಳಿಯಬೇಕಿತ್ತೇ? ವಿಭಾಗ ನಡೆಸಲು ಆಗದಿದ್ದರೆ ಆಗದು ಎನ್ನಬಹುದಿತ್ತು. ನಾವು ಕೂಗಾಡುತ್ತಿದ್ದೆವು, ಬೈಯುತ್ತಿದ್ದೆವು, ನಿಮ್ಮ ಕಿಟಕಿಯ ಕೆಳಗೆ ಕೂರುತ್ತಿದ್ದೆವು. ಆ ಬೈಗುಳ ನಿಮ್ಮ ಪಾಲಿನದು. ಅದನ್ನು ತಪ್ಪಿಸಿಕೊಳ್ಳಲು ನಮ್ಮಲ್ಲೇ ಒಬ್ಬಳ ಮುಖವನ್ನು ಅಡ್ಡ ಹಿಡಿದಿರಲ್ಲ, ಅದನ್ನು ನಾನು ಕ್ಷಮಿಸಲಾರೆ.

ವಿಭಾಗವನ್ನು ಉಳಿಸಿ ಎಂದು ಕೇಳುವವರು ಬೇರೆ ಇದ್ದಾರೆ. ಅವರ ಸಾಲಿನಲ್ಲಿ ನಿಲ್ಲಲು ನನಗೆ ಜಾಗವಿಲ್ಲ, ಅದನ್ನೂ ನೀವೇ ಕಿತ್ತುಕೊಂಡಿದ್ದೀರಿ. ಅದನ್ನು ಹಿಂದಕ್ಕೆ ಕೊಡಿ. ನನ್ನ ವೀಡಿಯೊ ತೆಗೆಸಿ, ಅದೇ ಪರದೆಯ ಮೇಲೆ, ಅದೇ ಕುರ್ಚಿಯಲ್ಲಿ ನೀವು ಬಂದು ಕೂತು ಹೇಳಿ: "ಅದು ತರಗತಿಯ ಅಭ್ಯಾಸವಾಗಿತ್ತು. ಆ ಹುಡುಗಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು." ತಡವರಿಸಿದರೂ ಪರವಾಗಿಲ್ಲ, ದನಿ ಒಡೆದರೂ ಪರವಾಗಿಲ್ಲ. ನಿಮಗೆ ನಟಿಸಲು ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಅವರು ನಂಬುತ್ತಾರೆ.

ಇಂತಿ,
ತನ್ನ ಮಾತನ್ನು ತಾನೇ ಹೇಳಿದರೆ ಯಾರೂ ನಂಬದ,
ನಿಮ್ಮ ಅತ್ಯುತ್ತಮ ಶ್ರೇಣಿಯ ವಿದ್ಯಾರ್ಥಿನಿ