ಮುಖವಿಲ್ಲದ ಹುಲಿ

ಮಾರ್ಚ್ 4, ಸೋಮವಾರ

ಬ್ರಷ್ ತೊಳೆದೆ. ನಿನ್ನೆಯೂ ತೊಳೆದಿದ್ದೆ. ಬಣ್ಣವನ್ನೇ ಮುಟ್ಟದ ಬ್ರಷ್ ತೊಳೆಯುವುದರಲ್ಲಿ ನನ್ನಷ್ಟು ಪಳಗಿದವರು ಇನ್ನೊಬ್ಬರಿರಲಾರರು. ಆಮೇಲೆ ಬೀನ್ಸಿನ ನಾರು ತೆಗೆದೆ. ಯಾರೂ ಕೇಳಿರಲಿಲ್ಲ. ಸೊಸೆ ಅನುಮಾನದಿಂದ ನೋಡಿದಳು.

"ಏನತ್ತೆ, ಇವತ್ತೂ ಅಂಗಡಿಗೆ ಹೋಗಲ್ವಾ?"

"ಮೊಣಕಾಲು ನೋವು ಕಣೆ."

"ಬೆಳಿಗ್ಗೆ ಟೆರೇಸ್ ಹತ್ತುವಾಗ ಇರಲಿಲ್ಲ?"

"ಇದು ಹತ್ತೋ ನೋವಲ್ಲ. ಅಂಗಡಿಗೆ ಹೋಗೋ ನೋವು."

ಅಂಗಡಿ ಎಂದರೆ ಕತ್ತರಿಯದು. ಬೀದಿಯವರೆಲ್ಲ ಅವನನ್ನು ಕರೆಯುವುದೇ ಹಾಗೆ. ಇಷ್ಟು ವರ್ಷ ಇನ್ನೊಬ್ಬರ ಸಲೂನಿನಲ್ಲಿ ದುಡಿದು, ಈಗ ನಮ್ಮ ಬೀದಿ ತಿರುವಿನಲ್ಲಿ ಸ್ವಂತದ್ದು ತೆರೆಯುತ್ತಿದ್ದಾನೆ. ಒಂದೇ ಕುರ್ಚಿ. ನಮ್ಮ ನೀರಿನ ಟ್ಯಾಂಕಿನ ಮೇಲೆ ನಾನು ಬರೆದ ಬಾತುಕೋಳಿಗಳನ್ನು ಎಂದೋ ನೋಡಿದ್ದನಂತೆ. ಕುರ್ಚಿಯ ಹಿಂದಿನ ಗೋಡೆ ಪೂರ್ತಿ ನನಗೇ ಬಿಟ್ಟಿದ್ದಾನೆ. ಕಾಡು ಬೇಕಂತೆ. ನಡುವೆ ಹುಲಿ ಬೇಕಂತೆ. ಇಪ್ಪತ್ತನಾಲ್ಕಕ್ಕೆ ಓಪನಿಂಗ್.

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಅದೇನು ಮಹಾ" ಎಂದುಬಿಟ್ಟೆ.

ಟ್ಯಾಂಕು, ಅಡುಗೆಮನೆ ಬಾಗಿಲು, ಸ್ಟೋವ್ ಹಿಂದಿನ ಗೋಡೆ — ಇಲ್ಲಿಯವರೆಗೆ ಎಲ್ಲ ನಮ್ಮನೆಯವೇ. ಕೆಟ್ಟರೆ ಬೈಯಲು ಸೊಸೆಯೊಬ್ಬಳು. ಇದು ಬೇರೆಯವರ ಗೋಡೆ. ಮೊಟ್ಟಮೊದಲನೆಯದು. ಇದು ಕೆಟ್ಟರೆ ಎರಡನೆಯದನ್ನು ಯಾವ ಪುಣ್ಯಾತ್ಮ ಕೊಡುತ್ತಾನೆ?

ಮಾರ್ಚ್ 5

ಹೋದೆ. ನಿಂತು ಬರೆಯಲು ಕಾಲು ಬಾರದು. ಸ್ಟೂಲು ಹಾಕಿಸಿಕೊಂಡು ಕೂತೇ ಶುರುಮಾಡಿದೆ. ಇಡೀ ದಿನ ಎಲೆ. ಎಲೆಗೆ ಯಾರೂ ಹೆದರಬೇಕಿಲ್ಲ. ಒಂದು ಓರೆಯಾದರೆ ಗಾಳಿ ಬೀಸಿತು ಎಂದರಾಯಿತು.

ಮಾರ್ಚ್ 13, ಬುಧವಾರ

ಕಾಡು ಮುಗಿಯಿತು. ಚೆನ್ನಾಗಿಯೇ ಇದೆ, ನನಗೇ ಒಳಗೆ ನುಗ್ಗಿ ಕೂರೋಣ ಎನಿಸುವಷ್ಟು. ಹುಲಿಯ ಮೈಯೂ ಆಯಿತು. ಅಡ್ಡಕ್ಕೆ ನಿಂತಿದೆ, ಪಟ್ಟೆ ಪಟ್ಟೆ. ಬಾಲವಂತೂ ಎತ್ತಿ ತಿರುಚಿದ ರೀತಿ... ಏನು ಗತ್ತು!

ಮುಖ ಮಾತ್ರ ಇಲ್ಲ. ಕುತ್ತಿಗೆಯ ಮೇಲೆ ಬಿಳಿ ಗೋಡೆ.

ನೀಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಬೆಕ್ಕು ಬಂತು. ಒರೆಸಿದೆ. ಮತ್ತೆ ಹಾಕಿದೆ. ನಮ್ಮ ಯಜಮಾನರು ಬಂದರು! ಕಿವಿ ಸಮೇತ. ಟೀಗೆ ಸಕ್ಕರೆ ಕಮ್ಮಿಯಾದಾಗ ಮಾಡುತ್ತಿದ್ದ ಮುಖ, ಅದೇ. ಬದುಕಿದ್ದಾಗ ಕರೆದರೂ ಬರುತ್ತಿರಲಿಲ್ಲ, ಈಗ ಕರೆಯದೆ ಬರುತ್ತಾರೆ. ಒರೆಸಿದೆ. ಮತ್ತೆ ಅವರೇ.

ಮೂರನೇ ಕ್ಲಾಸಿನಲ್ಲಿ ಸ್ಲೇಟಿನ ಮೇಲೆ ಮೇಷ್ಟ್ರ ಮೂಗು ಬರೆದು ಏಟು ತಿಂದಿದ್ದೆ. ಮೂಗು ಚೆನ್ನಾಗಿತ್ತು. ಅದಕ್ಕೇ ಏಟು ಜೋರಾಗಿ ಬಿತ್ತು. ನನ್ನ ಓದು ಅಲ್ಲಿಗೇ ಮುಗಿದಿದ್ದು. ಅಂದಿನಿಂದ ಮುಖಗಳ ಸಹವಾಸ ಬೇಡವೆಂದೇ ಬಾತುಕೋಳಿ ಹಿಡಿದದ್ದು.

ಮಾರ್ಚ್ 14

ಹೋಗಲಿಲ್ಲ. ಬೀರು ಜೋಡಿಸಿದೆ.

ಮಾರ್ಚ್ 15

ಮಗನ ಬೀರುವನ್ನೂ ಜೋಡಿಸಿದೆ. ಕಾಲುಚೀಲ ಸಿಗಲಿಲ್ಲವೆಂದು ಕೂಗಾಡುತ್ತಾ ಆಫೀಸಿಗೆ ಹೋದ. ಒಂದು ಕಾಲಿಗೆ ಕಪ್ಪು, ಒಂದಕ್ಕೆ ಕಂದು.

ಮಾರ್ಚ್ 21, ಗುರುವಾರ

ಕತ್ತರಿ ಮನೆಗೇ ಬಂದ. ಚಪ್ಪಲಿ ಬಿಡುವಾಗಲೇ ಗೊತ್ತಾಯಿತು, ಏನೋ ನುಂಗಿಕೊಂಡು ಬಂದಿದ್ದಾನೆ.

"ಅಜ್ಜಿ, ಬೇಜಾರು ಮಾಡ್ಕೋಬೇಡಿ..."

"ಬೇಜಾರಾಗೋ ಹಾಗೆ ಹೇಳ್ಬೇಡಪ್ಪಾ, ಮಾಡ್ಕೊಳ್ಳಲ್ಲ."

"ನನ್ನ ಬಾಮೈದ ಒಂದು ಪೋಸ್ಟರ್ ತಂದಿದಾನೆ. ಜಲಪಾತದ್ದು. ಗೋಡೆ ಪೂರ್ತಿ ಮುಚ್ಚುತ್ತೆ. ಹುಲಿಗೆ ತಲೆ ಇಲ್ದೆ ಅಂಗಡಿ ತೆಗೆಯೋದು ಸರಿಯಿಲ್ಲ ಅಂತಾನೆ. ತಲೆ ತೆಗೆಯೋ ಅಂಗಡಿ ಅಂದ್ಕೊಳ್ತಾರಂತೆ ಜನ."

ನಗು ಬಂತು, ನುಂಗಿದೆ. ಅವನ ಬಾಮೈದ ಪ್ರಿಂಟಿಂಗ್ ಪ್ರೆಸ್ಸಿನಲ್ಲಿದ್ದಾನೆ. ಅವನಿಗೆ ಮಳೆ ಬಂದರೂ ಪೋಸ್ಟರೇ ಹೊಳೆಯುವುದು.

"ಇನ್ನೂ ಟೈಮಿದೆಯಲ್ಲ."

"ಭಾನುವಾರ ಬೆಳಿಗ್ಗೆವರೆಗೂ ಕಾಯ್ತೀನಿ ಅಜ್ಜಿ. ಆಮೇಲೆ ಅವನು ಗೋಂದು ಕಲಸ್ತಾನೆ."

ಟೀ ಕುಡಿದು ಹೋದ. ಒಳ್ಳೆಯ ಹುಡುಗ. ನೇರವಾಗಿ ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮಾರ್ಚ್ 23, ಶನಿವಾರ, ಸಂಜೆ

ಬೆಳಿಗ್ಗೆಯಿಂದ ಗೋಡೆಯ ಮುಂದೆ. ಬೆಕ್ಕು. ಯಜಮಾನರು. ಒಮ್ಮೆ ಸ್ವಲ್ಪ ಕುರಿ. ಯಜಮಾನರು. ಮಧ್ಯಾಹ್ನ ಕನ್ನಡಿಯವರು ಬಂದು ಎದುರು ಗೋಡೆಗೆ ದೊಡ್ಡ ಕನ್ನಡಿ ಕೂರಿಸಿದರು, ಅದಕ್ಕೆ ಅಂಟಿದ್ದ ಕಾಗದ ಹಾಗೇ ಇದೆ. ಸ್ಟೂಲು ಮಡಚಿಟ್ಟೆ. ಸೀಮೆಸುಣ್ಣ ಪೂರ್ತಿ ಒರೆಸಿದೆ. ಕುತ್ತಿಗೆಯ ಮೇಲೆ ಮತ್ತೆ ಬಿಳಿ.

ಸೊಸೆ ತಟ್ಟೆಗೆ ಎರಡು ಸಲ ಬಡಿಸಿದಳು. ಅವಳು ಚುಚ್ಚದಿದ್ದರೆ ನನಗೆ ಭಯವಾಗುತ್ತದೆ.

ಮಾರ್ಚ್ 24, ಭಾನುವಾರ

ಬರೆಯಲೇಬೇಕು, ಇಲ್ಲದಿದ್ದರೆ ಹೊಟ್ಟೆ ಒಡೆಯುತ್ತದೆ.

ಗೋಡೆಯನ್ನು ಕೊನೆಯ ಸಲ ನೋಡೋಣವೆಂದು ಬೇಗನೆ ಹೋದೆ. ಸೊಸೆಯೂ ಜೊತೆಗೆ ಬಂದಳು, ಕೈ ಹಿಡಿದುಕೊಂಡು. ಬಾಮೈದ ಬಕೆಟ್ಟಿನಲ್ಲಿ ಗೋಂದು ತಿರುವುತ್ತಿದ್ದ. ಕತ್ತರಿಗೆ ನನ್ನ ಮುಖ ನೋಡಲಾಗಲಿಲ್ಲ.

"ಅಜ್ಜಿ, ಹೊಸ ಕುರ್ಚಿ. ಮೊದಲು ನೀವೇ ಕೂತ್ಕೊಳ್ಳಿ."

ಕೂತೆ. ಮೈಗೆ ಬಿಳಿ ಬಟ್ಟೆ ಹೊದಿಸಿದ. ಆಮೇಲೆ ಕನ್ನಡಿಯ ಕಾಗದ ಪರ್ರನೆ ಎಳೆದ.

ಕನ್ನಡಿಯಲ್ಲಿ ಕಾಡು. ಕಾಡಿನಲ್ಲಿ ಹುಲಿ. ಹುಲಿಗೆ ನರೆತ ಕೂದಲು, ಕನ್ನಡಕ, ಬೊಚ್ಚು ಬಾಯಿ. ನಾನೇ! ಕೂತು ಬರೆದದ್ದಲ್ಲವೇ, ಹುಲಿಯ ಕುತ್ತಿಗೆ ಸರಿಯಾಗಿ ಕೂತವರ ತಲೆಯ ಎತ್ತರಕ್ಕೇ ಬಂದಿದೆ. ನನ್ನ ಭುಜದ ಪಕ್ಕದಿಂದ ಪಟ್ಟೆ ಮೈ, ಅತ್ತ ತುದಿಯಲ್ಲಿ ಆ ಬಾಲ.

ನಾನು ಗುರ್ ಎಂದೆ. ಸೊಸೆ ಗೋಡೆ ಹಿಡಿದುಕೊಂಡು ನಕ್ಕಳು.

"ಮನೇಲಿ ದಿನಾ ಹುಲಿ ಮುಖ ನೋಡ್ತಿದ್ದೆ ಅತ್ತೆ, ಇವತ್ತು ಮೈ ಸಮೇತ ಕಂಡ್ರಿ!"

ಕತ್ತರಿ ನನ್ನನ್ನು ಎಬ್ಬಿಸಿ ತಾನು ಕೂತ. ಆಮೇಲೆ ಬಾಮೈದ "ಏನದು, ನೋಡೋಣ" ಎಂದು ಕೂತ. ಎದ್ದರೆ ತಾನೇ! ಮೀಸೆ ತಿರುವಿದ, ಹಲ್ಲು ಕಿರಿದ, ಕತ್ತು ಓರೆ ಮಾಡಿದ. ಗೋಂದು ಬಕೆಟ್ಟಿನಲ್ಲೇ ಗಟ್ಟಿಯಾಯಿತು.

"ಬೇಕಂತಲೇ ಮುಖ ಬಿಟ್ರಾ ಅಜ್ಜಿ?" ಕತ್ತರಿ ಕೇಳಿದ.

"ಮತ್ತೆ? ಬರೆಯೋಕೆ ಬರಲ್ಲ ಅಂದ್ಕೊಂಡ್ಯಾ?"

ಸೊಸೆ ಕೆಮ್ಮಿದಳು. ಜೋರಾಗಿ ಕೆಮ್ಮಿದಳು. ಆದರೆ ಬಾಯಿ ಬಿಡಲಿಲ್ಲ. ಇವಳನ್ನು ಇನ್ನು ಒಂದು ವಾರ ಬೈಯುವ ಹಾಗಿಲ್ಲ.

ಮಾರ್ಚ್ 27, ಬುಧವಾರ

ಕೂದಲು ಬೆಳೆಯದವರೂ ಕಟಿಂಗಿಗೆ ಬರುತ್ತಿದ್ದಾರಂತೆ. ಬೇಕರಿಯವನು ಬಂದು, ತನ್ನ ಷಟರಿಗೂ ಏನಾದರೂ ಬರೆದುಕೊಡಿ ಎಂದ. ಅದೇನು ಮಹಾ, ಎಂದುಬಿಟ್ಟೆ. ಈ ಬಾಯಿಗೆ ಬುದ್ಧಿ ಬರುವುದಿಲ್ಲ.

ಕತ್ತರಿ ಖಡಾಖಂಡಿತವಾಗಿ ಹೇಳಿದ್ದಾನೆ — "ಇನ್ನು ಆ ಮುಖದ ತಂಟೆಗೆ ಹೋಗ್ಬೇಡಿ ಅಜ್ಜಿ."

ಬೇಡ ಎಂದದ್ದೇ ತಡ, ಕೈ ತುರಿಸಲು ಶುರು. ಷಟರಿನ ಕೆಲಸ ಹಾಗೇ ಇದೆ. ಬ್ರಷ್ ಕೂಡ ತೊಳೆಯದೆ ಕೂತೆ. ಕೈಗೆ ಸಿಕ್ಕಿದ್ದರ ಮೇಲೆ ಎಳೆದೆ. ಕಣ್ಣು ಬಂತು. ಮೂಗು ಬಂತು. ಮತ್ತೆ ಯಜಮಾನರೇ. ಈ ಸಲ ಒರೆಸಲಿಲ್ಲ. ಇರಲಿ ಬಿಡು. ಎರಡು ಕಡೆ ಮೀಸೆ ಎಳೆದೆ, ಹಣೆಗೆ ಪಟ್ಟೆ ಹಾಕಿದೆ. ಸಕ್ಕರೆ ಕಮ್ಮಿಯಾದ ಹುಲಿ. ನಿಜವಾದ ಹುಲಿಯೂ ಹೀಗೇ ಇದ್ದೀತು, ನಾನೆಲ್ಲಿ ನೋಡಿದ್ದೇನೆ?

ಇನ್ನೂ ಹಸಿಯಾಗಿದೆ. ಮಡಿಲಲ್ಲಿ ಇಟ್ಟುಕೊಂಡು ಊದುತ್ತಾ ಕೂತಿದ್ದೇನೆ. ಅಡುಗೆಮನೆಯಲ್ಲಿ ಡಬ್ಬಿಗಳ ಸದ್ದು.

"ಅತ್ತೆ, ಅಕ್ಕಿ ಡಬ್ಬಿ ಮುಚ್ಚಳ ಎಲ್ಲಾದ್ರೂ ನೋಡಿದ್ರಾ?"

ನೋಡುತ್ತಲೇ ಇದ್ದೇನೆ. ಮಡಿಲಿನಿಂದ ಅವರೂ ನನ್ನನ್ನೇ —